ಸಿಕ್ಲಿಡ್ ಮೀನುಗಳ ಹೊಟ್ಟೆಯ ಕಾಯಿಲೆಗೆ ಮೆಟ್ರೋನಿಡಜೋಲ್ ಪುಡಿ: ಒಂದು ವಿಮರ್ಶೆ

ಸಿಕ್ಲಿಡ್ ಸಾಕುವವರ ಔಷಧದ ಪೆಟ್ಟಿಗೆಯಲ್ಲಿ ಮೆಟ್ರೋನಿಡಜೋಲ್ ಒಂದಲ್ಲ ಒಂದು ರೂಪದಲ್ಲಿ ಇದ್ದೇ ಇರುತ್ತದೆ. ಅಕ್ವೇರಿಯಂ ಬಳಕೆಗೆಂದೇ ಬರುವ ಪುಡಿಗಳಲ್ಲಿ ಸೀಕೆಮ್ ಕಂಪನಿಯ ಮೆಟ್ರೋಪ್ಲೆಕ್ಸ್‌ನ ಸಕ್ರಿಯ ಅಂಶ ಇದೊಂದೇ. ಎಪಿಐ ಕಂಪನಿಯ ಜನರಲ್ ಕ್ಯೂರ್ ಪೊಟ್ಟಣದಲ್ಲಿ ಇದರ ಜೊತೆಗೆ ಪ್ರಾಜಿಕ್ವಾಂಟೆಲ್ ಎಂಬ ಹುಳುನಾಶಕವೂ ಇರುತ್ತದೆ. ಆಫ್ರಿಕಾದ ಮಲಾವಿ ಮತ್ತು ಟ್ಯಾಂಗನಿಕಾ ಸರೋವರಗಳ ಸಿಕ್ಲಿಡ್‌ಗಳಿಗೂ ದಕ್ಷಿಣ ಅಮೆರಿಕದ ಏಂಜೆಲ್, ಡಿಸ್ಕಸ್, ಆಸ್ಕರ್ ಮೀನುಗಳಿಗೂ ಹೊಟ್ಟೆಯ ಕಾಯಿಲೆ ಬಂದಾಗ ನಾನು ಈ ಎರಡನ್ನೂ, ಪಶುವೈದ್ಯರು ಬರೆದುಕೊಟ್ಟ ಶುದ್ಧ ಪುಡಿಯನ್ನೂ ಬಳಸಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕಾಯಿಲೆಯ ಆರಂಭದಲ್ಲಿ, ಮೀನು ಇನ್ನೂ ತಿನ್ನುತ್ತಿರುವಾಗಲೇ, ಆಹಾರದಲ್ಲಿ ಬೆರೆಸಿ ಕೊಟ್ಟರೆ ಇದಕ್ಕಿಂತ ನಂಬಿಕೆಗೆ ಅರ್ಹವಾದ ಔಷಧ ಹವ್ಯಾಸಿಗಳ ಕೈಗೆ ಸಿಗುವುದು ಕಷ್ಟ. ಅದೇ ಪುಡಿಯನ್ನು, ತಿನ್ನುವುದನ್ನೇ ಬಿಟ್ಟ ಮೀನಿನ ಟ್ಯಾಂಕಿಗೆ ಸುರಿದು ಫಲಕ್ಕಾಗಿ ಕಾಯುವುದು ಬಹುಪಾಲು ನಿರಾಶೆಯಲ್ಲಿ ಮುಗಿಯುತ್ತದೆ. ಔಷಧದ ಬಗ್ಗೆ ಕೇಳಿಬರುವ ಹೊಗಳಿಕೆ ಮತ್ತು ದೂರು ಎರಡಕ್ಕೂ ಕಾರಣ ಬಹುತೇಕ ಇಲ್ಲಿಯೇ ಇದೆ.

ಮೆಟ್ರೋನಿಡಜೋಲ್ ಹೊಸ ಔಷಧವಲ್ಲ. ನೈಟ್ರೋಇಮಿಡಜೋಲ್ ಗುಂಪಿಗೆ ಸೇರಿದ ಇದು 1960ರ ಸುಮಾರಿಗೆ ಮನುಷ್ಯರಲ್ಲಿ ಟ್ರೈಕೋಮೋನಾಸ್ ಎಂಬ ಏಕಕೋಶ ಪರೋಪಜೀವಿಯ ಸೋಂಕಿಗೆಂದು ಬಳಕೆಗೆ ಬಂದಿತು. ಆಮ್ಲಜನಕವಿಲ್ಲದ ಅಥವಾ ಬಹಳ ಕಡಿಮೆಯಿರುವ ಪರಿಸರದಲ್ಲಿ ಬದುಕುವ ಸೂಕ್ಷ್ಮಜೀವಿಗಳ ಒಳಹೊಕ್ಕ ಮೇಲೆ ಮಾತ್ರ ಇದರ ನೈಟ್ರೋ ಭಾಗ ರಾಸಾಯನಿಕವಾಗಿ ಬದಲಾಗಿ ಆ ಜೀವಿಯ ಡಿಎನ್‌ಎಯನ್ನು ಹಾಳುಮಾಡುತ್ತದೆ. ಆದ್ದರಿಂದ ಕರುಳಿನಲ್ಲಿ ಬೆಳೆಯುವ ಕಶಾಂಗವುಳ್ಳ, ಅಂದರೆ ಚಾವಟಿಯಂಥ ಎಳೆಗಳಿಂದ ಈಜುವ, ಏಕಕೋಶ ಜೀವಿಗಳ ಮೇಲೂ, ಆಮ್ಲಜನಕವಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳ ಮೇಲೂ ಇದು ಕೆಲಸ ಮಾಡುತ್ತದೆ. ಆಮ್ಲಜನಕ ಬಳಸಿ ಬದುಕುವ ಬ್ಯಾಕ್ಟೀರಿಯಾಗಳನ್ನು ಅಷ್ಟಾಗಿ ಮುಟ್ಟುವುದಿಲ್ಲ. ಫಿಲ್ಟರಿನಲ್ಲಿ ಅಮೋನಿಯಾವನ್ನು ನೈಟ್ರೇಟ್ ಆಗಿಸುವ ಬ್ಯಾಕ್ಟೀರಿಯಾಗಳು ಆಮ್ಲಜನಕವನ್ನು ಅವಲಂಬಿಸಿರುವುದರಿಂದ ಸರಿಯಾದ ಪ್ರಮಾಣದಲ್ಲಿ ಹಾಕಿದರೆ ಅವುಗಳಿಗೆ ಹೇಳಿಕೊಳ್ಳುವಂಥ ಹಾನಿಯಾಗುವುದಿಲ್ಲ. ಹಲವು ಪ್ರತಿಜೀವಕಗಳಿಗೆ ಇಲ್ಲದ ಈ ಗುಣ ಅಕ್ವೇರಿಯಂ ದೃಷ್ಟಿಯಿಂದ ದೊಡ್ಡ ಅನುಕೂಲ.

ಸಿಕ್ಲಿಡ್‌ಗಳ ಕರುಳಿನಲ್ಲಿ ಹೆಚ್ಚಾಗಿ ಕಾಣುವ ಕಶಾಂಗಜೀವಿ ಸ್ಪೈರೋನ್ಯೂಕ್ಲಿಯಸ್. ಅಕ್ವೇರಿಯಂ ಸಾಕುವವರ ನಡುವೆ ಇದನ್ನು ಇಂದಿಗೂ ಹೆಕ್ಸಾಮಿಟ ಎಂದೇ ಕರೆಯುತ್ತಾರೆ. ಅದರ ಸ್ಪೈರೋನ್ಯೂಕ್ಲಿಯಸ್ ವೋರ್ಟೆನ್ಸ್ ಎಂಬ ಪ್ರಭೇದವನ್ನು 1995ರಲ್ಲಿ ಏಂಜೆಲ್ ಮೀನಿನಿಂದ ಗುರುತಿಸಿ ವಿವರಿಸಲಾಯಿತು. ಆರೋಗ್ಯವಾಗಿ ಕಾಣುವ ಮೀನಿನಲ್ಲೂ ಈ ಜೀವಿಗಳು ಅಲ್ಪಸಂಖ್ಯೆಯಲ್ಲಿ ಇರಬಹುದು. ಸಾಗಣೆಯ ಆಯಾಸ, ಟ್ಯಾಂಕಿನಲ್ಲಿ ಬಲಿಷ್ಠ ಮೀನಿನ ಕಿರುಕುಳ, ಕೊಳೆತ ನೀರು, ಹೊಟ್ಟೆಗೆ ಒಗ್ಗದ ಆಹಾರ ಇವುಗಳಲ್ಲಿ ಯಾವುದಾದರೊಂದು ಮೀನನ್ನು ಕುಗ್ಗಿಸಿದಾಗ ಅವು ಮಿತಿಮೀರಿ ಹೆಚ್ಚುತ್ತವೆ. ಮಲಾವಿ ಬ್ಲೋಟ್ ಎಂದು ಕರೆಯುವ ಹೊಟ್ಟೆಯುಬ್ಬರದ ಕಾಯಿಲೆಯಲ್ಲಿ ಇವುಗಳ ಪಾತ್ರ ಮುಖ್ಯವೆಂದು ಬಹುಮಂದಿ ನಂಬುತ್ತಾರೆ. ಆದರೆ ಆ ಒಂದೇ ಹೆಸರಿನಡಿ ಹಲವು ಕಾರಣಗಳ ಕಾಯಿಲೆಗಳು ಸೇರಿಕೊಂಡಿವೆ ಎಂಬುದನ್ನು ಔಷಧ ಕೊಳ್ಳುವ ಮೊದಲೇ ನೆನಪಿಡಬೇಕು.

ಲಕ್ಷಣಗಳು ಬರುವ ಕ್ರಮವನ್ನು ಗಮನಿಸುವುದು ಇಲ್ಲಿ ಎಲ್ಲಕ್ಕಿಂತ ಮುಖ್ಯವಾದ ಕೆಲಸ, ಏಕೆಂದರೆ ಔಷಧದ ಯಶಸ್ಸು ಅದರ ಮೇಲೆಯೇ ನಿಂತಿದೆ. ಮೊದಲಿಗೆ ಮೀನು ಆಹಾರದ ಕಡೆ ಓಡಿಬರುತ್ತದೆ, ಬಾಯಿಗೆ ಹಾಕಿಕೊಳ್ಳುತ್ತದೆ, ಕೊಂಚ ಹೊತ್ತಿಗೆ ಉಗುಳುತ್ತದೆ. ಮಲ ತನ್ನ ಸಹಜ ಬಣ್ಣ ಕಳೆದುಕೊಂಡು ಬಿಳಿಯ ದಾರದಂತೆ ಎಳೆಎಳೆಯಾಗಿ ಹಿಂದೆ ತೂಗಾಡುತ್ತದೆ. ಕರುಳಿನ ಒಳಪದರದ ಲೋಳೆ ಹೆಚ್ಚಾಗಿ ಹೊರಬರುವುದರಿಂದ ಹೀಗಾಗುತ್ತದೆ. ಆನಂತರ ಅದು ಗುಂಪನ್ನು ಬಿಟ್ಟು ಮೂಲೆ ಹಿಡಿಯುತ್ತದೆ, ಬಣ್ಣ ಕಪ್ಪಾಗುತ್ತದೆ, ಉಸಿರಾಟ ವೇಗವಾಗುತ್ತದೆ, ತಿನ್ನುವುದು ಪೂರ್ತಿ ನಿಲ್ಲುತ್ತದೆ. ಹೊಟ್ಟೆ ಊದಿಕೊಳ್ಳುವುದು ಕೊನೆಯ ಹಂತ. ಹೊಟ್ಟೆ ಊದಿದ ಮೇಲೆ ಅಂಗಾಂಗಗಳಿಗೆ ಆಗಿರುವ ಹಾನಿ ಬಹುತೇಕ ಮರಳಿ ಸರಿಹೋಗದಷ್ಟು ಮುಂದುವರಿದಿರುತ್ತದೆ. ಕಾಯಿಲೆಯ ಹೆಸರಿನಲ್ಲೇ ಹೊಟ್ಟೆಯುಬ್ಬರ ಇರುವುದರಿಂದ ಅನೇಕರು ಆ ಲಕ್ಷಣ ಕಾಣುವವರೆಗೂ ಕಾಯುತ್ತಾರೆ, ಆಮೇಲೆ ಔಷಧ ಕೆಲಸಕ್ಕೆ ಬಾರದ್ದೆಂದು ದೂರುತ್ತಾರೆ. ಉಗುಳುವಿಕೆ ಮತ್ತು ಬಿಳಿ ಮಲ ಒಟ್ಟಿಗೆ ಕಂಡ ದಿನವೇ ಚಿಕಿತ್ಸೆ ಆರಂಭವಾಗಬೇಕು.

ಆಹಾರದ ಮೂಲಕವೇ ಕೊಡಬೇಕೆಂದು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಮೀನಿನ ದೇಹರಚನೆಯೇ ಕಾರಣ. ಸಿಹಿನೀರಿನ ಮೀನಿನ ದೇಹದಲ್ಲಿ ಸುತ್ತಲಿನ ನೀರಿಗಿಂತ ಲವಣಾಂಶ ಹೆಚ್ಚು. ಆದ್ದರಿಂದ ಕಿವಿರು ಮತ್ತು ಚರ್ಮದ ಮೂಲಕ ನೀರು ತಾನಾಗಿಯೇ ಒಳಗೆ ನುಗ್ಗುತ್ತಿರುತ್ತದೆ, ಮೀನು ಅದನ್ನು ಮೂತ್ರವಾಗಿ ಹೊರಹಾಕುತ್ತಲೇ ಇರಬೇಕಾಗುತ್ತದೆ. ಹೀಗಿರುವಾಗ ಅದು ನೀರು ಕುಡಿಯುವುದು ತೀರ ಕಡಿಮೆ. ಸಮುದ್ರದ ಮೀನು ಹಾಗಲ್ಲ, ಅದು ಕುಡಿಯಲೇಬೇಕು. ಸಿಕ್ಲಿಡ್ ಟ್ಯಾಂಕಿನ ನೀರಿಗೆ ಹಾಕಿದ ಮೆಟ್ರೋನಿಡಜೋಲ್ ಕಿವಿರಿನ ಮೂಲಕ ಅಷ್ಟಿಷ್ಟು ರಕ್ತ ಸೇರುತ್ತದೆ ಎಂಬುದು ನಿಜ; ಆದರೆ ರೋಗಕಾರಕ ಜೀವಿಗಳು ಕೂತಿರುವುದು ಕರುಳಿನೊಳಗೆ. ಬಾಯಿಯಿಂದ ನುಂಗಿದ ಔಷಧ ನೇರವಾಗಿ ಅಲ್ಲಿಗೇ ತಲುಪುತ್ತದೆ, ಮತ್ತು ಅದಕ್ಕೆ ಬೇಕಾಗುವ ಪ್ರಮಾಣವೂ ಬಹಳ ಕಡಿಮೆ.

ಮೆಟ್ರೋಪ್ಲೆಕ್ಸ್ ಡಬ್ಬಿಯ ಮೇಲಿನ ಸೂಚನೆಯಲ್ಲಿ ಎರಡೂ ವಿಧಾನಗಳಿವೆ. ನೀರಿಗಾದರೆ ಪ್ರತಿ 40 ಲೀಟರಿಗೆ ಒಂದರಿಂದ ಎರಡು ಅಳತೆ, 48 ಗಂಟೆಗಳಿಗೊಮ್ಮೆ. ಒಂದು ಅಳತೆ ಎಂದರೆ ಸುಮಾರು 100 ಮಿಲಿಗ್ರಾಂ ಪುಡಿ. ಅಂದರೆ ಪ್ರತಿ ಲೀಟರಿಗೆ 2.5ರಿಂದ 5 ಮಿಲಿಗ್ರಾಂ. ಜನರಲ್ ಕ್ಯೂರ್‌ನ ಒಂದು ಪೊಟ್ಟಣ 10 ಗ್ಯಾಲನ್, ಎಂದರೆ ಸುಮಾರು 38 ಲೀಟರ್ ನೀರಿಗೆ; ಅದರಲ್ಲಿ 250 ಮಿಲಿಗ್ರಾಂ ಮೆಟ್ರೋನಿಡಜೋಲ್ ಇರುವುದರಿಂದ ಲೀಟರಿಗೆ ಸುಮಾರು 6.6 ಮಿಲಿಗ್ರಾಂ ಬೀಳುತ್ತದೆ. ಮೀನಿನ ವೈದ್ಯಕೀಯದಲ್ಲಿ ಸಾಮಾನ್ಯವಾಗಿ ಸೂಚಿಸುವ ಪ್ರಮಾಣವೂ ಇದೇ. ನೀರಿನ ಚಿಕಿತ್ಸೆಯನ್ನೇ ಆರಿಸಿಕೊಳ್ಳಬೇಕಾದ ಸ್ಥಿತಿ ಬಂದರೆ ಮೆಟ್ರೋಪ್ಲೆಕ್ಸ್‌ನ ಕಡಿಮೆ ಅಳತೆಗೆ ತೃಪ್ತರಾಗದೆ ಸೂಚಿಸಿದ ಮೇಲಿನ ಮಿತಿಯನ್ನೇ ಅನುಸರಿಸಬೇಕೆಂಬುದು ನನ್ನ ಸಲಹೆ. ಡಬ್ಬಿಯ ಜೊತೆ ಬರುವ ಪುಟ್ಟ ಚಮಚ ಅನುಕೂಲಕರವೇ ಹೌದು, ಆದರೆ ಅದು ಗಾತ್ರವನ್ನು ಅಳೆಯುತ್ತದೆಯೇ ಹೊರತು ತೂಕವನ್ನಲ್ಲ. ಪುಡಿಯನ್ನು ಒತ್ತಿ ತುಂಬಿದಾಗಲೂ ಸಡಿಲವಾಗಿ ತುಂಬಿದಾಗಲೂ ತೂಕದಲ್ಲಿ ವ್ಯತ್ಯಾಸ ಬರುತ್ತದೆ. ಮಿಲಿಗ್ರಾಂ ತೋರಿಸುವ ಚಿಕ್ಕ ತಕ್ಕಡಿ ಇದ್ದವರು ಅದನ್ನೇ ಬಳಸುವುದು ಮೇಲು.

ಆಹಾರದ ಲೆಕ್ಕವನ್ನು ಮೀನಿನ ತೂಕದಿಂದ ಶುರುಮಾಡಬೇಕು. ಮೀನಿನ ತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ 50 ಮಿಲಿಗ್ರಾಂ ಔಷಧ, ಐದು ದಿನಗಳವರೆಗೆ, ಎಂಬುದು ಪಶುವೈದ್ಯರು ಹೆಚ್ಚಾಗಿ ಹೇಳುವ ಪ್ರಮಾಣ. ಮೀನು ದಿನಕ್ಕೆ ತನ್ನ ತೂಕದ ಶೇಕಡಾ 1ರಷ್ಟು ತಿನ್ನುತ್ತದೆ ಎಂದಿಟ್ಟುಕೊಂಡರೆ ಒಂದು ಕಿಲೋ ಮೀನಿಗೆ 10 ಗ್ರಾಂ ಆಹಾರ. ಆ 10 ಗ್ರಾಮಿನಲ್ಲಿ 50 ಮಿಲಿಗ್ರಾಂ, ಅಂದರೆ ಪ್ರತಿ ಗ್ರಾಂ ಆಹಾರಕ್ಕೆ 5 ಮಿಲಿಗ್ರಾಂ ಸೇರಬೇಕು. ಮೆಟ್ರೋಪ್ಲೆಕ್ಸ್ ಹೇಳುವುದು ಒಂದು ದೊಡ್ಡ ಚಮಚ ಆಹಾರದ ಮುದ್ದೆಗೆ ಒಂದು ಅಳತೆ. ಆ ಮುದ್ದೆ ಸುಮಾರು 15 ಗ್ರಾಂ ತೂಗುವುದಾದರೆ ಗ್ರಾಮಿಗೆ 6 ಮಿಲಿಗ್ರಾಂ ಮೀರಿದ ಪುಡಿ ಬೀಳುತ್ತದೆ. ಎರಡೂ ಲೆಕ್ಕಗಳು ಹತ್ತಿರ ಹತ್ತಿರವೇ ಇರುವುದು ಈ ಸೂಚನೆಯ ಬಗ್ಗೆ ನನ್ನ ವಿಶ್ವಾಸವನ್ನು ಹೆಚ್ಚಿಸಿದೆ. ಕಾಯಿಲೆಬಿದ್ದ ಮೀನು ತನ್ನ ಎಂದಿನ ಪಾಲಿಗಿಂತ ಕಡಿಮೆ ತಿನ್ನುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಚಿಕಿತ್ಸೆಯ ದಿನಗಳಲ್ಲಿ ಔಷಧವಿಲ್ಲದ ಆಹಾರವನ್ನು ಜೊತೆಗೆ ಕೊಟ್ಟರೆ ಅದು ಔಷಧವಿರುವುದನ್ನು ಬಿಟ್ಟು ಇದನ್ನೇ ಆರಿಸಿಕೊಳ್ಳುತ್ತದೆ.

ಈ ಔಷಧದ ನಿಜವಾದ ಕೊರತೆ ಅದರ ರುಚಿ. ಮೆಟ್ರೋನಿಡಜೋಲ್ ಬಹಳ ಕಹಿ. ಪೆಲೆಟ್‌ಗಳ ಮೇಲೆ ಪುಡಿಯನ್ನು ಸುಮ್ಮನೆ ಉದುರಿಸಿ ಹಾಕಿದರೆ ಎರಡು ತೊಂದರೆಗಳು ಒಟ್ಟಿಗೆ ಬರುತ್ತವೆ: ಪುಡಿಯ ದೊಡ್ಡ ಪಾಲು ನೀರಿಗೆ ಬಿದ್ದ ಕೂಡಲೇ ಬಿಟ್ಟುಹೋಗುತ್ತದೆ, ಉಳಿದದ್ದರ ಕಹಿಗೆ ಮೀನು ಉಗುಳುತ್ತದೆ. ಮೊದಲೇ ಉಗುಳುವ ಕಾಯಿಲೆಯ ಮೀನಿಗೆ ಇದು ಇನ್ನಷ್ಟು ನೆಪವಾಗುತ್ತದೆ. ಸೀಕೆಮ್ ಕಂಪನಿಯದೇ ಆದ ಫೋಕಸ್ ಎಂಬ ಇನ್ನೊಂದು ಪುಡಿ ಔಷಧವನ್ನು ಆಹಾರಕ್ಕೆ ಅಂಟಿಸಿ ಹಿಡಿದಿಡುವ ಕೆಲಸಕ್ಕಾಗಿಯೇ ಇರುವುದು. ಎರಡನ್ನೂ ಸೇರಿಸಿ ಕರಗಿಸಿದ ಶೀತಲೀಕೃತ ಆಹಾರಕ್ಕೆ ಬೆರೆಸಿದಾಗ ನೀರಿಗೆ ಸೋರುವುದು ಕಡಿಮೆಯಾಗುತ್ತದೆ. ಅದು ಸಿಗದಿದ್ದರೆ ಜೆಲಟಿನ್ ಸಾಕು, ನಿಜ ಹೇಳಬೇಕೆಂದರೆ ನನಗೆ ಹೆಚ್ಚು ಮೆಚ್ಚುಗೆಯಾದದ್ದೂ ಜೆಲಟಿನ್ನೇ. ಸ್ಪಿರುಲಿನಾ ಎಂಬ ಪಾಚಿಯ ಪೆಲೆಟ್‌ಗಳನ್ನು ನೆನೆಸಿ, ಬೇಯಿಸಿದ ಬಟಾಣಿಯ ತಿರುಳಿನೊಡನೆ ಅರೆದು, ಕರಗಿಸಿದ ಜೆಲಟಿನ್ ಉಗುರುಬೆಚ್ಚಗೆ ಆರಿದ ಮೇಲೆ ಔಷಧವನ್ನು ಚೆನ್ನಾಗಿ ಕಲಸಿ, ತೆಳುವಾಗಿ ಹರಡಿ ತಂಪುಪೆಟ್ಟಿಗೆಯಲ್ಲಿ ಗಟ್ಟಿಯಾಗಲು ಬಿಡಬೇಕು. ಆಮೇಲೆ ಮೀನಿನ ಬಾಯಿಗೆ ಹಿಡಿಯುವಷ್ಟು ಸಣ್ಣ ತುಂಡು ಮಾಡಿ, ಒಂದು ಬಾರಿಗೆ ಬೇಕಾದಷ್ಟನ್ನೇ ಹೊರತೆಗೆದು ಉಳಿದದ್ದನ್ನು ಫ್ರೀಜರಿನಲ್ಲಿಡಬಹುದು. ಮಾಂಸಾಹಾರಿ ಮೀನುಗಳಿಗಾದರೆ ಬಟಾಣಿಯ ಬದಲು ಸೀಗಡಿಯ ತಿರುಳು ಬಳಸಬಹುದು. ಬೆಳ್ಳುಳ್ಳಿಯ ರಸದ ಒಂದೆರಡು ಹನಿ ಕಹಿಯನ್ನು ಮುಚ್ಚಲು ನೆರವಾಗುತ್ತದೆ. ಅದನ್ನು ಔಷಧವೆಂದು ಎಣಿಸದೆ ರುಚಿಗೆಂದಷ್ಟೇ ಹಾಕಬೇಕು.

ತಿನ್ನುವುದನ್ನು ಪೂರ್ತಿ ಬಿಟ್ಟ ಮೀನಿಗೆ ನೀರಿನ ಚಿಕಿತ್ಸೆಯೊಂದೇ ಮನೆಯಲ್ಲಿ ಮಾಡಬಹುದಾದ ದಾರಿ, ಮತ್ತು ಅದನ್ನು ಪ್ರತ್ಯೇಕ ಟ್ಯಾಂಕಿನಲ್ಲಿ ಮಾಡುವುದು ಒಳ್ಳೆಯದು. ಪುಡಿ ನೀರಿನಲ್ಲಿ ಸುಲಭವಾಗಿ ಕರಗುವಂಥದ್ದಲ್ಲ. 20 ಡಿಗ್ರಿ ಉಷ್ಣಾಂಶದಲ್ಲಿ ಒಂದು ಲೀಟರ್ ನೀರು ಹೆಚ್ಚೆಂದರೆ ಸುಮಾರು 10 ಗ್ರಾಂ ಕರಗಿಸಿಕೊಳ್ಳುತ್ತದೆ. ಹಾಗಾಗಿ ಒಂದು ಲೋಟ ಬೆಚ್ಚಗಿನ ಟ್ಯಾಂಕ್ ನೀರಿನಲ್ಲಿ ಚೆನ್ನಾಗಿ ಕದಡಿ ಕರಗಿಸಿ ಹಾಕಬೇಕು, ತಳದಲ್ಲಿ ಉಳಿದ ಪುಡಿಗೆ ಮತ್ತೆ ನೀರು ಸೇರಿಸಿ ಕದಡಬೇಕು. ಫಿಲ್ಟರಿನಲ್ಲಿ ಆಕ್ಟಿವೇಟೆಡ್ ಕಾರ್ಬನ್ ಇದ್ದರೆ ತೆಗೆದಿಡಬೇಕು, ಇಲ್ಲವಾದರೆ ಅದು ಔಷಧವನ್ನು ಹೀರಿಕೊಳ್ಳುತ್ತದೆ. ಯುವಿ ದೀಪವನ್ನೂ ಆರಿಸಬೇಕು. ಏರ್ ಸ್ಟೋನ್ ಹೆಚ್ಚುವರಿಯಾಗಿ ಇರಲಿ, ಉಸಿರಿಗೆ ಕಷ್ಟಪಡುತ್ತಿರುವ ಮೀನಿಗೆ ಔಷಧದಷ್ಟೇ ಅದೂ ಬೇಕು. ಮರುಪ್ರಮಾಣ ಹಾಕುವ ಮೊದಲು ಕಾಲುಭಾಗದಷ್ಟು ನೀರು ಬದಲಿಸುವುದು ನನ್ನ ಪದ್ಧತಿ. ಎರಡು ಮೂರು ಪ್ರಮಾಣಗಳಾದ ಮೇಲೆ ಮೀನು ಬಾಯಾಡಿಸಲು ಶುರುಮಾಡಿದರೆ ತಡಮಾಡದೆ ಔಷಧದ ಆಹಾರಕ್ಕೆ ಬದಲಾಗಬೇಕು. ನೀರಿನ ಚಿಕಿತ್ಸೆ ಗೆಲ್ಲುವುದು ಬಹುತೇಕ ಹೀಗೆ, ಮೀನನ್ನು ಮತ್ತೆ ತಿನ್ನುವ ಹಂತಕ್ಕೆ ತಂದು ನಿಲ್ಲಿಸುವುದರಿಂದ. ಬೆಲೆಬಾಳುವ ಅಥವಾ ಅಪರೂಪದ ದೊಡ್ಡ ಮೀನಾದರೆ ನಳಿಕೆಯ ಮೂಲಕ ನೇರವಾಗಿ ಹೊಟ್ಟೆಗೆ ಔಷಧ ಕೊಡಿಸುವುದೂ ಸಾಧ್ಯ, ಆದರೆ ಅದು ಅನುಭವಿ ಪಶುವೈದ್ಯರ ಕೆಲಸ.

ಎಪ್ಸಮ್ ಉಪ್ಪಿನ ವಿಷಯವನ್ನೂ ಇಲ್ಲಿ ಹೇಳಬೇಕು, ಏಕೆಂದರೆ ಮೆಟ್ರೋನಿಡಜೋಲ್ ಜೊತೆ ಬಹುಮಂದಿ ಅದನ್ನು ಬಳಸುತ್ತಾರೆ. ಇದು ಅಡುಗೆಯ ಉಪ್ಪಲ್ಲ, ಮೆಗ್ನೀಸಿಯಂ ಸಲ್ಫೇಟ್. ಕರುಳಿಗೆ ನೀರು ಸೆಳೆದು ಮಲವನ್ನು ಸಡಿಲಗೊಳಿಸುವುದು ಅದರ ಗುಣ. ಆಹಾರದ ತೂಕದ ಶೇಕಡಾ 3ರಷ್ಟು ಸೇರಿಸಿ ಎರಡು ಮೂರು ದಿನ ಕೊಡುವುದು ಹಳೆಯ ಮೀನು ವೈದ್ಯಕೀಯದಲ್ಲಿಯೇ ಇದ್ದ ಕ್ರಮ. ನೀರಿಗಾದರೆ ಪ್ರತಿ 40 ಲೀಟರಿಗೆ ಒಂದು ದೊಡ್ಡ ಚಮಚ ಕರಗಿಸಿ ಹಾಕುವುದು ಹವ್ಯಾಸಿಗಳ ರೂಢಿ. ಮಲಬದ್ಧತೆಯಿಂದ ಹೊಟ್ಟೆ ಬಿಗಿದಿದ್ದಾಗ ಇದೊಂದೇ ಸಾಕಾಗುವುದುಂಟು. ಕಶಾಂಗಜೀವಿಗಳ ಸೋಂಕು ಇರುವಾಗ ಇದನ್ನು ನೆರವಿನ ಔಷಧವಾಗಿ ಮಾತ್ರ ನೋಡಬೇಕು, ಮೆಟ್ರೋನಿಡಜೋಲ್ ಇರಬೇಕಾದ ಜಾಗಕ್ಕೆ ಇದನ್ನು ತರಬಾರದು.

ಇನ್ನು ಈ ಪುಡಿ ಏನನ್ನು ಮಾಡಲಾರದು ಎಂಬುದು ವಿಮರ್ಶೆಯ ತೂಕದ ಭಾಗ, ಏಕೆಂದರೆ ಬಿಳಿ ಮಲ ಕಂಡೊಡನೆ ಮೆಟ್ರೋನಿಡಜೋಲ್ ಹಾಕುವುದು ಈಗ ಯೋಚನೆಯಿಲ್ಲದ ಅಭ್ಯಾಸವಾಗಿಬಿಟ್ಟಿದೆ. ಮೀನಿನ ಗುದದ್ವಾರದಿಂದ ಕೆಂಪು ಎಳೆಗಳು ಹೊರಚಾಚಿಕೊಂಡಿದ್ದರೆ ಅವು ಕಮಲ್ಲಾನಸ್ ಎಂಬ ದುಂಡುಹುಳುಗಳು. ಅವುಗಳ ಮೇಲೆ ಮೆಟ್ರೋನಿಡಜೋಲ್ ಕೆಲಸ ಮಾಡುವುದಿಲ್ಲ, ಪ್ರಾಜಿಕ್ವಾಂಟೆಲ್ ಕೂಡ ಮಾಡುವುದಿಲ್ಲ, ಲೆವಾಮಿಸೋಲ್ ಎಂಬ ಹುಳುನಾಶಕ ಬೇಕು. ಲೀಟರಿಗೆ 2 ಮಿಲಿಗ್ರಾಮಿನಂತೆ ಹಾಕಿ, ಟ್ಯಾಂಕನ್ನು ಕತ್ತಲಲ್ಲಿಟ್ಟು, 24 ಗಂಟೆಗಳ ನಂತರ ತಳವನ್ನು ಹೀರುನಳಿಕೆಯಿಂದ ಶುಚಿಗೊಳಿಸಿ ದೊಡ್ಡ ಪ್ರಮಾಣದಲ್ಲಿ ನೀರು ಬದಲಿಸಬೇಕು, ಏಕೆಂದರೆ ಅದು ಹುಳುಗಳನ್ನು ನಿಶ್ಚೇಷ್ಟಗೊಳಿಸಿ ಹೊರಬೀಳಿಸುತ್ತದೆ. ಎರಡು ಮೂರು ವಾರಗಳ ನಂತರ ಮತ್ತೊಮ್ಮೆ ಮಾಡಬೇಕಾಗುತ್ತದೆ. ಡಿಸ್ಕಸ್ ಮತ್ತು ಏಂಜೆಲ್ ಮೀನುಗಳನ್ನು ಸೊರಗಿಸುವ ಕ್ಯಾಪಿಲ್ಲೇರಿಯ ಹುಳುವಿಗೂ ಹುಳುನಾಶಕವೇ ಬೇಕು. ಲಾಡಿಹುಳುಗಳಿಗೆ ಪ್ರಾಜಿಕ್ವಾಂಟೆಲ್ ಸರಿಯಾದ ಔಷಧ, ಜನರಲ್ ಕ್ಯೂರ್ ಉಪಯೋಗಕ್ಕೆ ಬರುವುದು ಅಲ್ಲಿ.

ಇನ್ನೊಂದು ಕಾಯಿಲೆ ಹೆಚ್ಚು ಮೋಸಗೊಳಿಸುವಂಥದ್ದು. ಕ್ರಿಪ್ಟೋಬಿಯ ಯೂಬಿಲಾನ್ಸ್ ಎಂಬ ಕಶಾಂಗಜೀವಿ ಸಿಕ್ಲಿಡ್‌ಗಳ ಜಠರದ ಗೋಡೆಯಲ್ಲಿ ಗಂಟುಗಳನ್ನು ಉಂಟುಮಾಡುತ್ತದೆ; ಮೀನು ದಿನೇ ದಿನೇ ಸೊರಗುತ್ತದೆ, ತಿನ್ನುವುದನ್ನು ಬಿಡುತ್ತದೆ. ಹೊರಗಿನಿಂದ ನೋಡಿದರೆ ಸ್ಪೈರೋನ್ಯೂಕ್ಲಿಯಸ್ ಸೋಂಕಿನಂತೆಯೇ ಕಾಣುವ ಈ ಕಾಯಿಲೆಗೆ ಮೆಟ್ರೋನಿಡಜೋಲ್ ಪರಿಣಾಮಕಾರಿಯಲ್ಲ. ಪೂರ್ತಿ ಕ್ರಮದಲ್ಲಿ ಔಷಧ ಕೊಟ್ಟ ಮೇಲೂ ಒಂದೊಂದೇ ಮೀನು ಸೊರಗಿ ಸಾಯುತ್ತಿದ್ದರೆ ಮತ್ತೆ ಮತ್ತೆ ಅದೇ ಪುಡಿಯನ್ನು ಹಾಕುತ್ತಾ ಕೂರದೆ ಆಗತಾನೆ ಸತ್ತ ಅಥವಾ ಸಾಯುವ ಸ್ಥಿತಿಯ ಮೀನನ್ನು ಪರೀಕ್ಷೆಗೆ ಕೊಡಬೇಕು. ಸೂಕ್ಷ್ಮದರ್ಶಕವಿರುವವರು ಹೊಸದಾಗಿ ಹೊರಬಂದ ಮಲವನ್ನು ಒಂದು ಹನಿ ಟ್ಯಾಂಕ್ ನೀರಿನೊಡನೆ ಗಾಜಿನ ಪಟ್ಟಿಯ ಮೇಲಿಟ್ಟು 100ರಿಂದ 400 ಪಟ್ಟು ದೊಡ್ಡದು ಮಾಡಿ ನೋಡಿದರೆ ಅನೇಕ ಸಂದೇಹಗಳು ಪರಿಹಾರವಾಗುತ್ತವೆ. ಚುರುಕಾಗಿ ಅತ್ತಿತ್ತ ಓಡಾಡುವ ಸಣ್ಣ ಜೀವಿಗಳು ಗುಂಪುಗುಂಪಾಗಿ ಕಂಡರೆ ಮೆಟ್ರೋನಿಡಜೋಲ್ ಕಡೆಗೆ ಕೈಚಾಚಬಹುದು. ಎರಡೂ ತುದಿಗೆ ಬಿರಡೆ ಹಾಕಿದ ಪೀಪಾಯಿಯಂಥ ಮೊಟ್ಟೆಗಳು ಕಂಡರೆ ಅವು ಕ್ಯಾಪಿಲ್ಲೇರಿಯದವು. ಮಲ ಹಳೆಯದಾದರೆ ಜೀವಿಗಳು ಚಲನೆ ಕಳೆದುಕೊಂಡು ಗುರುತಿಗೆ ಸಿಗುವುದಿಲ್ಲ, ಆದ್ದರಿಂದ ಕೂಡಲೇ ನೋಡಬೇಕು.

ಹುರುಪೆಗಳೆಲ್ಲ ನಿಮಿರಿ ನಿಂತು ದೇಹವೆಲ್ಲ ಊದಿದ್ದರೆ ಅದು ಬೇರೆಯದೇ ಸ್ಥಿತಿ. ಮೂತ್ರಪಿಂಡಗಳು ಸೋತಾಗ ಅಥವಾ ಬ್ಯಾಕ್ಟೀರಿಯಾ ಸೋಂಕು ಒಳಗೆಲ್ಲ ಹರಡಿದಾಗ ಹಾಗಾಗುತ್ತದೆ, ಅದಕ್ಕೆ ಈ ಪುಡಿಯಿಂದ ಪ್ರಯೋಜನವಿಲ್ಲ. ಮತ್ತೊಂದು ಎಚ್ಚರಿಕೆಯನ್ನು ಮಲಾವಿ ಸಿಕ್ಲಿಡ್ ಸಾಕಲು ಹೊಸದಾಗಿ ತೊಡಗಿದವರಿಗೆ ವಿಶೇಷವಾಗಿ ಹೇಳಬೇಕು. ಬಾಯಲ್ಲಿ ಮೊಟ್ಟೆ ಇಟ್ಟುಕೊಂಡ ಹೆಣ್ಣು ಮೀನು ಸುಮಾರು ಮೂರು ವಾರ ಏನನ್ನೂ ತಿನ್ನದೆ, ಮರೆಯಲ್ಲಿ ಇರುತ್ತದೆ. ಅದರ ಗಂಟಲಿನ ಭಾಗ ಉಬ್ಬಿರುತ್ತದೆ, ಬಾಯಿ ಆಗಾಗ ಅಗಿಯುವಂತೆ ಆಡುತ್ತದೆ, ಹೊಟ್ಟೆ ಒಳಸರಿದಿರುತ್ತದೆ. ಅದು ಕಾಯಿಲೆಯಲ್ಲ. ಅಂಥ ಮೀನನ್ನು ಹಿಡಿದು ಔಷಧದ ನೀರಿಗೆ ಹಾಕಿದರೆ ಗಾಬರಿಯಿಂದ ಮೊಟ್ಟೆಗಳನ್ನು ಉಗುಳಿಬಿಡುತ್ತದೆ.

ಎರಡು ಪೊಟ್ಟಣಗಳಲ್ಲಿ ಯಾವುದನ್ನು ಕೊಳ್ಳಬೇಕು ಎಂದು ಕೇಳಿದರೆ ನನ್ನ ಆಯ್ಕೆ ಮೆಟ್ರೋನಿಡಜೋಲ್ ಒಂದನ್ನೇ ಹೊಂದಿದ ಪುಡಿ. ಬೇಕಾದ ಔಷಧವನ್ನು ಬೇಕಾದಷ್ಟೇ ಕೊಡುವ ಸ್ವಾತಂತ್ರ್ಯ ಅದರಲ್ಲಿದೆ, ಆಹಾರಕ್ಕೆ ಬೆರೆಸುವ ಲೆಕ್ಕವೂ ಸರಳ. ಹೊಸದಾಗಿ ತಂದ, ನದಿ ಸರೋವರಗಳಿಂದ ನೇರವಾಗಿ ಹಿಡಿದ ಮೀನುಗಳಲ್ಲಿ ಲಾಡಿಹುಳುವಿನ ಶಂಕೆಯೂ ಇದ್ದಾಗ ಮಿಶ್ರಣದ ಪೊಟ್ಟಣಕ್ಕೆ ಅರ್ಥವಿದೆ. ಹಾಗಲ್ಲದೆ, ಕಾರಣ ತಿಳಿಯದಿರುವಾಗ ಎಲ್ಲಕ್ಕೂ ಆದೀತೆಂದು ಮಿಶ್ರಣವನ್ನು ಹಾಕುವುದು ನನಗೆ ಒಪ್ಪಿಗೆಯಿಲ್ಲ. ಸಕ್ರಿಯ ಅಂಶದ ಪ್ರಮಾಣವನ್ನೇ ಮುದ್ರಿಸದೆ ‘ಹೊಟ್ಟೆಯ ಎಲ್ಲ ಕಾಯಿಲೆಗೆ’ ಎಂದಷ್ಟೇ ಬರೆದ ಪುಡಿಗಳೂ ಮಾರಾಟಕ್ಕಿರುತ್ತವೆ. ಎಷ್ಟು ಮಿಲಿಗ್ರಾಂ ಎಂದು ಗೊತ್ತಿಲ್ಲದ ಔಷಧವನ್ನು ಮೀನಿಗೆ ಕೊಡಬಾರದು, ಅದು ಎಷ್ಟೇ ಸುಂದರವಾದ ಡಬ್ಬಿಯಲ್ಲಿ ಬಂದಿರಲಿ.

ಮುಂಜಾಗ್ರತೆಯೆಂಬ ಹೆಸರಿನಲ್ಲಿ ತಿಂಗಳಿಗೊಮ್ಮೆ ಟ್ಯಾಂಕಿಗೆ ಈ ಪುಡಿ ಹಾಕುವವರಿದ್ದಾರೆ. ಕಾಯಿಲೆಯಿಲ್ಲದಾಗ ಕೊಟ್ಟ ಔಷಧ, ಅದರಲ್ಲೂ ಅರೆಬರೆ ಪ್ರಮಾಣದಲ್ಲಿ ಕೊಟ್ಟದ್ದು, ಔಷಧಕ್ಕೆ ಬಗ್ಗದ ಜೀವಿಗಳು ಉಳಿದು ಬೆಳೆಯಲು ಅವಕಾಶ ಮಾಡಿಕೊಡುತ್ತದೆ, ನಿಜವಾಗಿ ಬೇಕಾದ ದಿನ ಕೈಕೊಡುತ್ತದೆ. ಆಹಾರಕ್ಕಾಗಿ ಸಾಕುವ ಪ್ರಾಣಿಗಳಲ್ಲಿ ಮೆಟ್ರೋನಿಡಜೋಲ್ ಬಳಕೆಯನ್ನು ಅಮೆರಿಕ ಮತ್ತು ಯುರೋಪ್ ಒಕ್ಕೂಟ ನಿಷೇಧಿಸಿವೆ. ಇದನ್ನು ಕೊಟ್ಟ ಮೀನನ್ನು ಎಂದಿಗೂ ತಿನ್ನಬಾರದು. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಇದು ಕ್ಯಾನ್ಸರ್ ಉಂಟುಮಾಡಿರುವುದರಿಂದ ಪುಡಿಯನ್ನು ಅಳೆಯುವಾಗ ಕೈಗವಸು ಮತ್ತು ಮುಖಗವಸು ಧರಿಸಬೇಕು, ಬೆರೆಸುವ ಪಾತ್ರೆ ಮತ್ತು ಚಮಚಗಳನ್ನು ಅಡುಗೆಗೆ ಮತ್ತೆ ಬಳಸಬಾರದು. ಇದನ್ನು ಪಶುವೈದ್ಯರ ಚೀಟಿಯಿಲ್ಲದೆ ಮಾರದ ದೇಶಗಳೂ ಇವೆ, ಮತ್ತು ಆ ನಿಯಮವನ್ನು ನಾನು ಅಡ್ಡಿಯೆಂದು ಭಾವಿಸುವುದಿಲ್ಲ.

ಚಿಕಿತ್ಸೆ ಮುಗಿದ ಮೇಲೆ ಕಾಯಿಲೆ ಮರಳುತ್ತದೆಯೇ ಇಲ್ಲವೇ ಎಂಬುದನ್ನು ನಿರ್ಧರಿಸುವುದು ಟ್ಯಾಂಕು ಮತ್ತು ಆಹಾರ. ಟ್ಯಾಂಗನಿಕಾದ ಟ್ರೋಫಿಯಸ್‌ಗಳು ಬಂಡೆಯ ಮೇಲಿನ ಪಾಚಿಯನ್ನು ದಿನವಿಡೀ ಕೆರೆದು ತಿನ್ನುವ ಮೀನುಗಳು. ಅವುಗಳ ಕರುಳು ದೇಹದ ಉದ್ದಕ್ಕಿಂತ ಹಲವು ಪಟ್ಟು ಉದ್ದ. ಆ ಕರುಳಿಗೆ ಮಾಂಸಪ್ರಧಾನ ಆಹಾರ, ಅದರಲ್ಲೂ ಸಸ್ತನಿಗಳ ಕೊಬ್ಬಿರುವ ಹೃದಯದ ಮಾಂಸ, ಒಗ್ಗುವುದಿಲ್ಲ. ಅವುಗಳಿಗೆ ಸ್ಪಿರುಲಿನಾ ಆಧಾರಿತ ಆಹಾರವನ್ನು ಸ್ವಲ್ಪ ಸ್ವಲ್ಪವಾಗಿ ಹಲವು ಬಾರಿ ಕೊಡಬೇಕು. ಮಲಾವಿ ಸರೋವರದ ಬಂಡೆಗಳ ನಡುವೆ ಬದುಕುವ ಎಂಬೂನಾ ಎಂಬ ಸಿಕ್ಲಿಡ್‌ಗಳಿಗೂ ಇದೇ ಕ್ರಮ ಹೊಂದುತ್ತದೆ. ಆಕ್ರಮಣಕಾರಿ ಗಂಡು ಮೀನೊಂದು ದುರ್ಬಲವಾದದ್ದನ್ನು ಎಡೆಬಿಡದೆ ಅಟ್ಟುತ್ತಿದ್ದರೆ ಆ ದುರ್ಬಲ ಮೀನೇ ಮೊದಲು ಹೊಟ್ಟೆಯ ಕಾಯಿಲೆಗೆ ಬಲಿಯಾಗುತ್ತದೆ. ಎಷ್ಟೇ ಔಷಧ ಕೊಟ್ಟರೂ ಅಟ್ಟುವುದು ನಿಲ್ಲದೆ ಗುಣವಾಗುವುದಿಲ್ಲ. ನೈಟ್ರೇಟ್ ಮಟ್ಟವನ್ನು ತಗ್ಗಿಸುವ ನಿಯಮಿತ ನೀರಿನ ಬದಲಾವಣೆಯೂ ಅಷ್ಟೇ ಅಗತ್ಯ. ಚಿಕಿತ್ಸೆಯ ನಂತರದ ಒಂದೆರಡು ದಿನ ಆಹಾರವನ್ನು ಹಗುರವಾಗಿಯೇ ಕೊಟ್ಟು ಮಲದ ಬಣ್ಣ ಸಹಜಕ್ಕೆ ಮರಳಿದ್ದನ್ನು ನೋಡಿದ ಮೇಲೆ ಹಳೆಯ ಪ್ರಮಾಣಕ್ಕೆ ಬರಬೇಕು.

ಕೊಳ್ಳುವವರಿಗೆ ಒಂದು ಲೆಕ್ಕ ಉಳಿದಿದೆ. ಮೆಟ್ರೋಪ್ಲೆಕ್ಸ್ 5 ಗ್ರಾಮಿನ ಮತ್ತು 100 ಗ್ರಾಮಿನ ಡಬ್ಬಿಗಳಲ್ಲಿ ಬರುತ್ತದೆ. ಚಿಕ್ಕ ಡಬ್ಬಿಯಲ್ಲಿ ಸುಮಾರು 50 ಅಳತೆಗಳಿವೆ. 200 ಲೀಟರ್ ಟ್ಯಾಂಕಿಗೆ ಮೇಲಿನ ಮಿತಿಯಂತೆ ಹಾಕಿದರೆ ಒಂದು ಬಾರಿಗೇ 10 ಅಳತೆ ಬೇಕು, ಮೂರು ಬಾರಿಗೆ 30. ಡಬ್ಬಿಯ ಅರ್ಧಕ್ಕಿಂತ ಹೆಚ್ಚು ಒಂದೇ ಚಿಕಿತ್ಸೆಗೆ ಮುಗಿಯುತ್ತದೆ. ಅದೇ ಟ್ಯಾಂಕಿನ ಮೀನುಗಳಿಗೆ ದಿನಕ್ಕೆ ಒಂದು ದೊಡ್ಡ ಚಮಚದಷ್ಟು ಔಷಧದ ಆಹಾರ ಸಾಲುವುದಾದರೆ ಐದು ದಿನಕ್ಕೆ 5 ಅಳತೆ ಸಾಕು. ಆಹಾರದ ಮೂಲಕ ಕೊಡುವವರು ಚಿಕ್ಕ ಡಬ್ಬಿಯನ್ನೇ ಕೊಳ್ಳಲಿ, ಮುಚ್ಚಳವನ್ನು ಬಿಗಿಯಾಗಿ ಹಾಕಿ ಬೆಳಕು ಮತ್ತು ತೇವ ತಾಗದ ಕಡೆ ಇಡಲಿ, ಮುದ್ರಿತ ಅವಧಿ ಮುಗಿದರೆ ಹೊಸದನ್ನು ತರಲಿ.